ಮುಚ್ಚಳ ತೆಗೆಯುವವನಿಗೆ

ಕ್ಲೀಟಸ್,

ನಾಲ್ಕು ಇಡೀ ಕೋಳಿಗಳಿಗೂ ಉಪ್ಪು ಸವರಿ ಫ್ರಿಜ್ಜಿನಲ್ಲಿಟ್ಟಿದ್ದೇನೆ. ಹಿಕರಿ ಸೌದೆ ಹಿತ್ತಲಲ್ಲಿ ನೀನು ಕೋಳಿ ಬೇಯಿಸುವ ಹೊಗೆಪೆಟ್ಟಿಗೆಯ ಪಕ್ಕದಲ್ಲಿದೆ, ಬೆಂದ ಕೋಳಿ ಅದ್ದುವ ಬಿಳಿ ಸಾಸು ಜಾಡಿಯಲ್ಲಿ. ಐದು ಗಂಟೆಗೆ ಪಾದ್ರಿಯೂ ಚರ್ಚಿನವರೂ ಊಟಕ್ಕೆ ಬರುತ್ತಾರೆ.

ನಿನ್ನೆ ನಿನ್ನ ತಮ್ಮನ ಮುಂದೆ, "ಬೆಂಕಿ ವಿಷ್ಯ ಇವ್ಳಿಗೇನ್ ಗೊತ್ತೋ, ಕೋಸು ಹೆಚ್ಚೋಕ್ ಹೇಳು" ಅಂದೆಯಲ್ಲ. ನಿಜ. ನನಗೆ ಗೊತ್ತಿರುವುದು ಇಷ್ಟೇ: ಬಂದವರಿಗೆಲ್ಲ ಪೆಟ್ಟಿಗೆಯ ಮುಚ್ಚಳ ತೆಗೆದು ತೋರಿಸುತ್ತಿದ್ದರೆ ಬಿಸಿ ಹೋಗಿ ಕೋಳಿ ಒಳಗೆ ಬೇಯುವುದಿಲ್ಲ. ಹನ್ನೊಂದು ವರ್ಷದಿಂದ, ನೀನು ಸ್ನಾನಕ್ಕೆ ಹೋದಾಗಲೆಲ್ಲ, ಆ ಅರೆಬೆಂದ ಕೋಳಿಗಳನ್ನು ಅಡುಗೆಮನೆಯ ಓವನ್ನಿನಲ್ಲಿಟ್ಟು ಬೇಯಿಸುತ್ತ ಬಂದವಳು ನಾನು. ಗೋಡೆಯ ಮೇಲಿರುವ ಅಡುಗೆ ಸ್ಪರ್ಧೆಯಲ್ಲಿ ನಿನಗೆ ಬಂದ ಮೊದಲ ಬಹುಮಾನದ ಮೂರು ನೀಲಿ ರಿಬ್ಬನ್ನುಗಳೂ ಆ ಓವನ್ನಿನವೇ.

ನಾನು ಕಲ್ಮನ್‌ಗೆ, ಅಕ್ಕನ ಮನೆಗೆ ಹೊರಟೆ. ಓವನ್ನಿನ ಫ್ಯೂಸು ನನ್ನ ಕೈಚೀಲದಲ್ಲಿದೆ.

ಕೋಸು ಹೆಚ್ಚಿಟ್ಟಿದ್ದೇನೆ.

ವರ್ನಾ