ರೇಟು ಕಾಯುವ ಗೋಡೆ

ಫೆಬ್ರವರಿ 2, ಹುಣಸೂರು
ವಾಕಿಂಗ್, ಕಾಫಿ, ಮಂಡಿಗೆ ಎಣ್ಣೆ. ಮನೆ ಇವತ್ತೂ ಮಾರಾಟವಾಗಲಿಲ್ಲ. ಚುಂಚನಕಟ್ಟೆಯಲ್ಲಿ ಮೆಟ್ಟಿಲಿಲ್ಲದ ಮನೆಗೆ ಅಡ್ವಾನ್ಸ್ ಕೊಟ್ಟಾಗಿದೆ. ಯುಗಾದಿಯೊಳಗೆ ಇದು ಹೋಗದಿದ್ದರೆ ಅದೂ ಇಲ್ಲ, ಅಡ್ವಾನ್ಸೂ ಇಲ್ಲ.

ಸಂಜೆ ಬಡಾವಣೆ ಸಂಘದ ತುರ್ತು ಸಭೆ. ಪಕ್ಕದ ಹೊಸ ಲೇಔಟಿನಲ್ಲಿ ಬಂಗಲೆಗಳ ಮಗ್ಗುಲಲ್ಲೇ ಕೂಲಿಯವರಿಗೆ, ಟೈಲರ್‌ಗಳಿಗೆ ಸಣ್ಣ ಮನೆ ಕೊಟ್ಟಿದ್ದಾರೆ — ಮಹಾವಿಪತ್ತು. ಅಧ್ಯಕ್ಷ ಚಿಕ್ಕಬಸಪ್ಪ ಗುಡುಗಿದರು: "ನಮ್ ರೇಟು ಮಲಗ್ತದೆ ಕಣ್ರೀ! ಬೀದಿ ಕೊನೇಗೆ ಗೋಡೆ ಏಳ್ಸುಮ." ಮೊದಲು ಕೈ ಎತ್ತಿದವನು ನಾನು. ಗಡಿರಕ್ಷಣೆ ಅಂದರೆ ಸುಮ್ಮನೆಯೇ?

ಫೆಬ್ರವರಿ 19
ಗೋಡೆ ಎದ್ದಿತು. ಎಂಟಡಿ. ದುರ್ಗದ ಕೋಟೆ ನಾಚಬೇಕು. ಹೆಂಡತಿ ಜಯಲಕ್ಷ್ಮಮ್ಮನಿಗೆ ಮಾತ್ರ ಸಿಟ್ಟು — ಆಚೆಯ ಟೈಲರ್ ಫಹ್ಮೀದಾ ಮನೆಗೆ ಈಗ ಮೇನ್ ರೋಡ್ ಸುತ್ತಬೇಕು.
"ನನ್ ಬ್ಲೌಸ್ ಅಲ್ಲಿ ಕುಂತದೆ. ನಿಮ್ ರೇಟ್ನ ತೊಟ್ಕೊಳ್ಲಾ?"

ಮಾರ್ಚ್ 3
ಬ್ರೋಕರ್ ಮಂಚಯ್ಯ ಕಂಪಲಾಪುರದ ಹೊಗೆಸೊಪ್ಪು ಬೆಳೆಗಾರರೊಬ್ಬರನ್ನು ಕರೆತಂದ. ಮನೆ ಅವರಿಗೆ ಒಪ್ಪಿಗೆಯಾಯಿತು. ಬಾಲ್ಕನಿಗೆ ಬಂದರು, ಗೋಡೆ ಕಂಡರು.
"ಆ ಕಡೆ ಸ್ಮಶಾನವಾ?"
"ಛೆ, ಮನೆಗಳು!"
"ಮನೆಗೋಳ್ಗೆ ಯಾಕೆ ಸ್ವಾಮಿ ಎಂಟಡಿ ಗೋಡೆ? ಏನೋ ಐತೆ ಬುಡಿ."
ಅರ್ಧ ಕಾಫಿಗೇ ಎದ್ದರು. ಮಂಚಯ್ಯ ಹಿಂದೆ ಉಳಿದು ಹೇಳಿದ: "ಅಲ್ಲಿ ಅಂಗಡಿ, ಗಿರಣಿ, ಜನ... ಅಲ್ಲೇ ರೇಟು ಏರ್ತಾ ಐತೆ. ನಿಮ್ದು ಡೆಡ್ ಎಂಡ್ ಆಗೋಯ್ತು ಸಾರ್."

ಮಾರ್ಚ್ 14
ಫಹ್ಮೀದಾಳ ಅಣ್ಣ ಮುಸವೀರ್ ಬಂದರು. ಹ್ಯಾಂಡ್‌ಪೋಸ್ಟ್ ಊರಲ್ಲಿ ಮರದ ವ್ಯಾಪಾರ. ರಂಜಾನ್ ಉಪವಾಸ, ಕಾಫಿ ಬೇಡವೆಂದರು.
"ತಂಗಿ ಹತ್ರಾನೇ ಇರ್ಬೇಕು ಸಾರ್. ಗೋಡೆ ತೆಗ್ಸಿ, ಈ ಬೀದೀಲಿ ಯಾವ್ ಮನೆ ಆದ್ರೂ ತಗೋತೀನಿ."
"ಯಾವುದೋ ಯಾಕೆ? ಇದೇ ಇದೆಯಲ್ಲ!"
ತಕ್ಷಣ ಚಿಕ್ಕಬಸಪ್ಪನವರ ಮನೆಗೆ. ಪೂರ್ತಿ ವಿಷಯ ಬಿಡಿಸಿ ಹೇಳಿದೆ. ಸಂಘದ ನಿಯಮ ನೋಡಿ... ಅಧ್ಯಕ್ಷರಿಗೆ ತಿಳಿಸದೆ ಗೋಡೆ ಮುಟ್ಟುವುದುಂಟೆ?
"ಯೋಚ್ನೆ ಮಾಡುಮ ಬುಡಿ ಸಾರ್, ಅವಸ್ರ ಯಾಕೆ?"
ದೊಡ್ಡ ಮನುಷ್ಯ. ನಾನು ಹೊರಡುವಾಗ ಮುಸವೀರ್ ಅವರ ಫೋನ್ ನಂಬರನ್ನು ಅಧ್ಯಕ್ಷರು ಕೇಳಿದರು. ಕೊಟ್ಟೆ.

ಮಾರ್ಚ್ 16, ಬೆಳಿಗ್ಗೆ 6.30
ಯುಗಾದಿಗೆ ಮೂರೇ ದಿನ. ಧಡ್ ಧಡ್ ಸದ್ದಿಗೆ ಎಚ್ಚರ. ಇಣುಕಿದೆ. ಗೋಡೆಗೆ ಹಾರೆ ಹಾಕುತ್ತಿರುವವರು ಸಾಕ್ಷಾತ್ ಚಿಕ್ಕಬಸಪ್ಪ! ಅವರ ಗೇಟಿನ ಮೇಲೆ ಹೊಸ ಬೋರ್ಡು — ಮನೆ ಮಾರಾಟಕ್ಕಿದೆ. ಆಚೆಯಿಂದ, ಬಿದ್ದ ಇಟ್ಟಿಗೆ ದಾಟಿಕೊಂಡು, ಮುಸವೀರ್ ಬರುತ್ತಿದ್ದಾರೆ. ಅಧ್ಯಕ್ಷರು ಹಾರೆ ಬಿಟ್ಟು ಕೈ ಮುಗಿದರು.
"ಬರ್ಕೊಂಡ್ ಕುಂತಿದ್ದೀರಲ್ರೀ! ಓಡ್ರೀ!" — ಜಯಲಕ್ಷ್ಮಮ್ಮ.
ಹೊರಟೆ. ಶರ್ಟು ಎಲ್ಲಿ... ಬೇಡ, ಬನಿಯನ್ನೇ ಸಾಕು. ಮುಸವೀರ್ ಆಗಲೇ ಅಧ್ಯಕ್ಷರ ಗೇಟಿನ ಒಳಗೆ —