ಬೆನ್ನ ಹಿಂದೆ ನಿಂತು ಹೇಳಿದ ಮಾತು

ಪ್ರೀತಿಯ ವೆಂಕಟಣ್ಣನಿಗೆ,

ಮುಳಬಾಗಿಲಿನಿಂದ ಚಂದ್ರಮೋಹನನ ನಮಸ್ಕಾರಗಳು. ಎಂಟು ವರ್ಷ ಮಾತು ಬಿಟ್ಟವನು ಈಗ ಕಾಗದ ಬರೆಯುತ್ತಿದ್ದಾನಲ್ಲ ಎಂದು ಹುಬ್ಬೇರಿಸಬೇಡಿ. ನಿಮಗೆ ಫೋನು ಮಾಡಿ ಪ್ರಯೋಜನವಿಲ್ಲ ಎಂಬುದು ನನಗೆ ಗೊತ್ತಾದದ್ದೇ ಮೊನ್ನೆ ಮಂಗಳವಾರ ಮಧ್ಯಾಹ್ನ. ಅಲ್ಲಿಂದೀಚೆಗೆ ಸ್ಪ್ಯಾನರ್ ಕೈಗೆ ತೆಗೆದುಕೊಂಡರೆ ಯಾವ ನಟ್ಟು ಬಿಚ್ಚಲು ಬಂದೆ ಎಂಬುದೇ ಮರೆತುಹೋಗುತ್ತಿದೆ. ನನ್ನ ಹೆಂಡತಿ ಮೇಘನ, "ಏನಾಯ್ತು ನಿಮ್ಗೆ, ಗರ ಬಡ್ದೋರ್ ಥರ ಕೂತಿದ್ದೀರ?" ಎಂದು ಕೇಳಿ ಕೇಳಿ ಸುಸ್ತಾಗಿದ್ದಾಳೆ. ಗರ ಬಡಿದಿರುವುದು ನಿಜ, ಅಣ್ಣ.

ಮೊದಲು ಆ ಕಾರಿನ ವಿಷಯ ಹೇಳಿಬಿಡುತ್ತೇನೆ. ಇಲ್ಲಿ ಆಡಿಟರ್ ಆಗಿರುವ ಲಕ್ಷ್ಮೀನಾರಾಯಣ ಅವರದು ಹಳೆಯ ಡೀಸೆಲ್ ಗಾಡಿ. ಕೀ ತಿರುಗಿಸಿದರೆ ಸ್ಟಾರ್ಟರ್ ಖರ್ರ್ ಎಂದು ಹಲ್ಲು ಕಡಿಯುವುದು. ಇಂಜಿನ್ ಹತ್ತಿಕೊಂಡ ಮೇಲೆ ಒಳಗಿನಿಂದ ಯಾರೋ ಬಾಗಿಲು ಬಡಿದಂತೆ ಟಕ್ ಟಕ್ ಸದ್ದು. ನಾನು ಹೊಸ ಸ್ಟಾರ್ಟರ್ ಹಾಕಿದೆ, ಖರ್ರ್ ಹೋಗಲಿಲ್ಲ. ಆಮೇಲೆ ನಮ್ಮ ಶೆಡ್ಡಿನ ಪದ್ಧತಿಯಂತೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಮರದ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ಕಣ್ಣು ಮುಚ್ಚಿ ಕೇಳಿದೆ. ಬೇರಿಂಗ್ ಹೋಗಿದೆ, ಇಂಜಿನ್ ಇಳಿಸಿ ಬಿಚ್ಚಲೇಬೇಕು ಎಂದು ತೀರ್ಪು ಕೊಟ್ಟೆ.

ಊರಿನ ಮೆಕ್ಯಾನಿಕ್‌ಗಳೆಲ್ಲ ಆ ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕೇಳುತ್ತಾರೆ. ನಿಮ್ಮ ಕೈಕೆಳಗೆ ಕಲಿತ ನಾವು ಮೂವರು ಮಾತ್ರ ಕಚ್ಚುವವರು. ನಾನು, ಬೈರಕೂರಿನ ಸುರೇಶ, ಉಮಾಶಂಕರ್. ಕಿವಿಗೆ ಒತ್ತುವವರನ್ನು ಕಂಡರೆ, ಪಾಪ, ಇವರಿಗೆ ವಿದ್ಯೆ ಅರ್ಧಕ್ಕೇ ನಿಂತಿದೆ ಎಂದು ನಗುತ್ತಿದ್ದೆವು. ಸುರೇಶನ ಮುಂದಿನ ಹಲ್ಲು ಒಂದು ಮೂಲೆಯಲ್ಲಿ ಮುಕ್ಕಾಗಿದೆ. ಅದನ್ನೂ ಗಿರಾಕಿಗಳಿಗೆ ಹೆಮ್ಮೆಯಿಂದ ತೋರಿಸುತ್ತಾನೆ.

ನನ್ನ ತೀರ್ಪು ಕೇಳಿ ಲಕ್ಷ್ಮೀನಾರಾಯಣ ಅವರು ಕನ್ನಡಕ ತೆಗೆದು ಒರೆಸಿದರು. "ಬೇಜಾರ್ ಮಾಡ್ಕೋಬೇಡಿ ಮೋಹನ್. ಇಂಜಿನ್ ಬಿಚ್ಚೋಕೆ ಮುಂಚೆ ಶ್ರೀನಿವಾಸಪುರದಲ್ಲಿ ದೊಡ್ಡವೆಂಕಟಪ್ಪನವ್ರಿಗೆ ಒಂದ್ಸಲ ತೋರ್ಸೋಣ. ನಿಮ್ ಗುರುಗಳಂತಲ್ಲ ಅವ್ರು?" ಎಂದರು. ನನಗೆ ಮೈಯೆಲ್ಲ ಉರಿಯಿತು. ಬರುವುದಿಲ್ಲ ಎನ್ನಬೇಕೆಂದಿದ್ದೆ. ಆದರೆ ನನ್ನ ತೀರ್ಪಿನ ಮೇಲೆ ನನಗೇ ಒಂದು ಸಣ್ಣ ಅನುಮಾನವಿತ್ತು, ಅದು ನನ್ನನ್ನು ಕಾರಿನಲ್ಲಿ ಕೂರಿಸಿತು.

ಮಾವಿನ ಕಾಲ. ನಿಮ್ಮ ಶೆಡ್ಡಿನ ಎದುರು ಮಂಡಿಗೆ ಬಂದ ಲಾರಿಗಳ ಸಾಲು. ನೀವು ನನ್ನನ್ನು ನೋಡಿದಿರಿ. ಲಕ್ಷ್ಮೀನಾರಾಯಣ ಅವರನ್ನು ಎದುರಿಗೆ ನಿಲ್ಲಿಸಿಕೊಂಡು, "ಸದ್ದು ಹೆಂಗ್ ಬರುತ್ತೆ, ಬಾಯಲ್ಲಿ ಮಾಡಿ ತೋರ್ಸಿ ಸಾಮಿ" ಎಂದಿರಿ. ಹಣೆಗೆ ನಾಮ ಇಟ್ಟ ಆ ಗಂಭೀರ ಮನುಷ್ಯ ರಸ್ತೆಯಲ್ಲಿ ನಿಂತು ಕೆನ್ನೆ ಉಬ್ಬಿಸಿ "ಖರ್ರ್... ಟಕ್ ಟಕ್" ಎಂದಾಗ ನನಗೆ ನಗು ತಡೆಯಲಾಗಲಿಲ್ಲ. ನೀವು ನಗಲಿಲ್ಲ. ಅವರ ತುಟಿಯನ್ನೇ ನೋಡುತ್ತಿದ್ದಿರಿ.

ಆಮೇಲೆ ಹಿಡಿ ಕಚ್ಚಿ, ಎಡಗೈಯನ್ನು ಇಂಜಿನ್ನಿನ ಮೇಲೆ ಊರಿ, ನನಗೆ ಸನ್ನೆ ಮಾಡಿದಿರಿ. ಸೀಟಿನಲ್ಲಿ ಕೂತು ಕ್ಲಚ್ ಒತ್ತಿದೆ. ಟಕ್ ಟಕ್ ನಿಂತಿತು. ಬಿಟ್ಟೆ, ಮತ್ತೆ ಬಂತು. ನೀವು ಹಿಡಿಯನ್ನು ಬಾಯಿಂದ ತೆಗೆದು, "ಬೇರಿಂಗೂ ಅಲ್ಲ, ಸ್ಟಾರ್ಟರೂ ಅಲ್ಲ. ಫ್ಲೈವೀಲ್ ಬೋಲ್ಟು ಸಡ್ಲ ಆಗವೆ. ಸ್ಟಾರ್ಟರ್ ತಿರುಗ್ಸೋ ಚಕ್ರಾನೇ ನೆಟ್ಟಗೆ ನಿಲ್ದೆ ಇದ್ರೆ ಅದೇನ್ ಮಾಡ್ತದೆ?" ಎಂದಿರಿ. ಎಲ್ಲ ಬಿಟ್ಟು, ನಮ್ಮ ಜಗಳಕ್ಕೆ ಕಾರಣವಾಗಿದ್ದ ಫ್ಲೈವೀಲ್ ಬೋಲ್ಟೇ ಆಗಬೇಕೇ! ಬೇಕೆಂದೇ ನನ್ನನ್ನು ಚುಚ್ಚಲು ಹೇಳುತ್ತಿದ್ದಾರೆ ಎಂದುಕೊಂಡು ಮುಖ ಗಂಟು ಹಾಕಿಕೊಂಡು ಕೆಳಗಿಳಿದೆ.

ಇನ್ನೊಮ್ಮೆ ಖಚಿತ ಮಾಡಿಕೊಳ್ಳಲು ನೀವು ರಸ್ತೆಗೆ ಬೆನ್ನು ಹಾಕಿ ಬಗ್ಗಿದಿರಿ. ಆಗಲೇ ಎದುರಿನ ಮಂಡಿಯಿಂದ ಒಂದು ಲಾರಿ ಹಿಂದಕ್ಕೆ ಬರತೊಡಗಿತು, ಹಾರ್ನ್ ಬಾರಿಸುತ್ತಲೇ. ಸರಿಯುತ್ತಾರೆ ಬಿಡು ಎಂದುಕೊಂಡೆ. ನೀವು ಸರಿಯಲಿಲ್ಲ. "ಅಣ್ಣಾ, ಲಾರಿ!" ಎಂದು ಕೂಗಿದೆ. ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಗಂಟಲು ಹರಿಯುವಂತೆ ಮೂರು ಸಲ ಕೂಗಿದೆ. ನಿಮ್ಮ ಭುಜ ಕೂಡ ಅಲುಗಲಿಲ್ಲ. ಓಡಿಬಂದು ಅಂಗಿ ಹಿಡಿದು ಎಳೆದೆ, ಎರಡು ಗುಂಡಿ ಕಿತ್ತುಬಂದವು. ಲಾರಿಯ ಹಿಂಬದಿಯ ಹಲಗೆ ನೀವು ನಿಂತಿದ್ದ ಜಾಗಕ್ಕೆ ಬಂದು ನಿಂತಿತು.

ನೀವು ಲಾರಿಯನ್ನು ನೋಡಲಿಲ್ಲ, ಅಣ್ಣ. ನನ್ನ ಬಾಯಿಯನ್ನು ನೋಡಿದಿರಿ. "ಏನಂದೆ? ಎದ್ರಿಗೆ ಬಂದು ಹೇಳು" ಎಂದಿರಿ.

ಎದ್ರಿಗೆ ಬಂದು ಹೇಳು. ನಿಮ್ಮ ಜೊತೆ ಕೆಲಸ ಮಾಡಿದ ಏಳು ವರ್ಷವೂ ದಿನಕ್ಕೆ ಹತ್ತು ಸಲ ಕೇಳಿದ ಮಾತು. ದೊಡ್ಡ ಮನುಷ್ಯನ ಗತ್ತು ಎಂದುಕೊಂಡಿದ್ದೆವು. ಮನೆಯಿಂದ ನಿಮ್ಮ ಊಟದ ಕ್ಯಾರಿಯರ್ ಹಿಡಿದು ಬಂದಿದ್ದ ಅತ್ತಿಗೆ ಶಾಮಲಕ್ಕ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು. ನೀವು ಲಾರಿಯವನಿಗೆ ಬೈಯುತ್ತಿದ್ದಾಗ ನನ್ನನ್ನು ಟೈರುಗಳ ರಾಶಿಯ ಹಿಂದಕ್ಕೆ ಕರೆದರು. "ಹದಿನಾರು ವರ್ಷ ಆಯ್ತು ಕಣಪ್ಪಾ, ಎರಡೂ ಕಿವಿ ಹೋಗವೆ. ಹಲ್ಲಿಗೆ ಕೊಟ್ರೆ ಒಂಚೂರು ಕೇಳ್ತದೆ. ಕಿವುಡ ಮೆಕ್ಯಾನಿಕ್ ಹತ್ರ ಯಾರ್ ಗಾಡಿ ತರ್ತಾರೆ ಅಂತ ನನ್ ಕೈಲಿ ಆಣೆ ಹಾಕಿಸ್ಕೊಂಡವ್ರೆ" ಎಂದರು.

ಹದಿನಾರು ವರ್ಷ! ನಾನು ನಿಮ್ಮಲ್ಲಿ ಸೇರುವುದಕ್ಕೂ ಮೊದಲೇ. ನಿಮ್ಮ ಸಂಕಟವನ್ನು ನಾವು ವಿದ್ಯೆ ಎಂದುಕೊಂಡು ಹಲ್ಲು ಸವೆಸಿದೆವು. ಕಿವಿ ಚೆನ್ನಾಗಿದ್ದ ಮೂವರು ಗಂಡಸರಿಗೆ, ನಿಮಗೆ ಕೇಳಿಸುವುದಿಲ್ಲ ಎಂಬುದು ಕಾಣಿಸಲಿಲ್ಲ.

ಆದರೆ ನನ್ನ ಉಸಿರು ನಿಲ್ಲಿಸಿದ ಮಾತು ಅದಲ್ಲ. ಶಾಮಲಕ್ಕ ಮುಂದುವರಿಸಿದರು. "ಮೋಹನ ಒಂದ್ ಮಾತೂ ಹೇಳ್ದೆ ಹೋದ ಅಂತ ಎಂಟು ವರ್ಷದಿಂದ ಕೊರಗ್ತಾರೆ. ಕಾಲಿಗೆ ಬೀಳ್ಬೇಕಿರ್ಲಿಲ್ಲ, ಹೋಗ್ತೀನಿ ಅಂತಾದ್ರೂ ಅನ್ಬಾರ್ದಾಗಿತ್ತಾ ಅಂತಾರೆ."

ಹೇಳಿದ್ದೆ ಅಣ್ಣ! ಹೇಳಿದ್ದೆ!

ನಿಮಗೆ ನೆನಪಿರಬೇಕು. ರಾಯಲ್ಪಾಡಿನವರೊಬ್ಬರ ಪಿಕಪ್ಪಿಗೆ ನಾನು ಕ್ಲಚ್ ಹಾಕಿದ್ದೆ. ಫ್ಲೈವೀಲ್ ಬೋಲ್ಟುಗಳನ್ನು ಕೈಬಿಗಿ ಮಾಡಿ, ಆಮೇಲೆ ಗಟ್ಟಿ ಮಾಡೋಣವೆಂದು ಊಟಕ್ಕೆ ಹೋಗಿ, ಬಂದು ಮರೆತೆ. ಟೊಮೇಟೊ ತುಂಬಿದ ಗಾಡಿ ನಡುರಸ್ತೆಯಲ್ಲಿ ನಿಂತಿತು. ಎಲ್ಲರ ಮುಂದೆ ನೀವು, "ಕಿವಿ ಎಲ್ಲಿಟ್ಟಿದ್ಯೋ? ಸದ್ದು ಕೇಳಿಸ್ಲಿಲ್ವಾ?" ಎಂದು ಗದರಿದಿರಿ. ನಾನು ಮೈಮೇಲೆ ಬಂದವನಂತೆ ತಿರುಗಿ ಕೂಗಾಡಿದೆ, ತಪ್ಪನ್ನು ನಿಮ್ಮ ತಲೆಗೇ ಕಟ್ಟಿದೆ. ಮರುದಿನ ಬೆಳಗ್ಗೆ ಶೆಡ್ಡಿಗೆ ಬಂದಾಗ ನೀವು ಒಂದು ಜೀಪಿನ ಬಾನೆಟ್ಟಿನೊಳಗೆ ಬಗ್ಗಿದ್ದಿರಿ. ನಿಮ್ಮ ಮುಖ ನೋಡಿ ಹೇಳುವ ಧೈರ್ಯ ನನಗಿರಲಿಲ್ಲ. ಬೆನ್ನ ಹಿಂದೆ ನಿಂತುಕೊಂಡು, ಅಳುತ್ತಾ, ಎಲ್ಲವನ್ನೂ ಹೇಳಿದೆ. ನೀವು ಸ್ಪ್ಯಾನರ್ ಕೂಡ ನಿಲ್ಲಿಸಲಿಲ್ಲ. ಇಷ್ಟು ಹೇಳಿದರೂ ತಿರುಗಿ ನೋಡದ ಮನುಷ್ಯನೇ ಎಂದು ರೋಷ ಬಂತು. ಹೊರಟುಬಿಟ್ಟೆ. ಎಂಟು ವರ್ಷ ನಿಮ್ಮನ್ನು ಕಲ್ಲುಹೃದಯದವರು ಎಂದು ಕಂಡಕಂಡವರ ಹತ್ತಿರ ಹೇಳಿಕೊಂಡು ತಿರುಗಿದ್ದೇನೆ.

ಮಂಗಳವಾರ ಇದೆಲ್ಲ ಗೊತ್ತಾದ ಮೇಲೂ ನಾನು ಮಾಡಿದ್ದೇನು? ಮತ್ತೆ ಒಂದು ಮಾತೂ ಆಡದೆ ಬಂದು ಕಾರಿನಲ್ಲಿ ಕೂತೆ. ದಾರಿಯಲ್ಲಿ ಲಕ್ಷ್ಮೀನಾರಾಯಣ ಅವರು, "ಲಾರಿ ಬಂದ್ರೂ ಅಲ್ಲಾಡ್ಲಿಲ್ಲ, ಎಂಥ ಏಕಾಗ್ರತೆ ನೋಡಿ!" ಎಂದರು. ಹೌದು ಸರ್ ಎಂದೆ. ಬುಧವಾರ ಗೇರ್‌ಬಾಕ್ಸ್ ಇಳಿಸಿದೆ. ಎರಡು ಬೋಲ್ಟು ಸಡಿಲವಾಗಿದ್ದವು, ಒಂದು ತುಂಡಾಗಿತ್ತು. ನೀವು ಹೇಳಿದ್ದೇ ನಿಜ.

ಅವತ್ತು ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ನಿಮ್ಮ ಕಣ್ಣಿಗೆ ಕಾಣುವಂತೆ. "ತಪ್ಪು ನಂದೇ ಅಣ್ಣ. ಬೋಲ್ಟ್ ಬಿಗಿ ಮಾಡೋದ್ ಮರ್ತೆ. ಅಪ್ಪ ಸತ್ಮೇಲೆ ನನ್ನ ಮನುಷ್ಯನ್ನ ಮಾಡಿದ್ದು ನೀವು. ಹೊಡೀರಿ, ಬೈಯಿರಿ, ಹೋಗು ಅಂತ ಮಾತ್ರ ಅನ್ಬೇಡಿ." ಇಷ್ಟೇ ಹೇಳಿದ್ದು. ನೀವು ಹೋಗು ಎನ್ನಲೇ ಇಲ್ಲ. ನಾನೇ ಹೋದೆ.

ಶಾಮಲಕ್ಕನ ಆಣೆ ನನ್ನ ಮೇಲೂ ಇರಲಿ. ಮೇಘನಳಿಗೂ ಹೇಳಿಲ್ಲ, ಸುರೇಶನಿಗೂ ಹೇಳುವುದಿಲ್ಲ. ಅವನು ಕಚ್ಚಿಕೊಂಡೇ ಇರಲಿ, ನಾನೂ ಬಿಡುವುದಿಲ್ಲ. ಈ ಕಾಗದದ ಜೊತೆ ಲಕ್ಷ್ಮೀನಾರಾಯಣ ಅವರ ಕೈಯಲ್ಲಿ ಹಳೆಯ ಬಸ್ಸಿನ ಒಂದು ದೊಡ್ಡ ಕನ್ನಡಿ ಕಳಿಸಿದ್ದೇನೆ. ನೀವು ಗಾಡಿ ನಿಲ್ಲಿಸಿ ಬಗ್ಗುವ ಜಾಗದಲ್ಲಿ ಅದನ್ನು ಎದುರಿಗೆ ತೂಗುಹಾಕಿ. ಹಿಂದೆ ಲಾರಿ ಬಂದರೂ ಕಾಣುತ್ತದೆ, ಮನುಷ್ಯ ಬಂದರೂ ಕಾಣುತ್ತದೆ. ಭಾನುವಾರ ಬರುತ್ತೇನೆ. ಎದುರಿಗೆ ಬಂದು ನಿಲ್ಲಬೇಕೆಂದೇ ಇದ್ದೇನೆ. ಆದರೆ ನನ್ನ ಧೈರ್ಯ ಎಷ್ಟರದ್ದೆಂದು ನಿಮಗೆ ಗೊತ್ತು. ಕನ್ನಡಿಯೊಳಗೆ ಯಾರೋ ಗಡ್ಡ ಬೆಳ್ಳಗಾದವನು ನಿಮ್ಮ ಬೆನ್ನ ಹಿಂದೆ ನಿಂತು ತುಟಿ ಅಲ್ಲಾಡಿಸುತ್ತಿರುವುದು ಕಂಡರೆ, ಈ ಸಲ ದಯವಿಟ್ಟು ತಿರುಗಿ ನೋಡಿ ಅಣ್ಣ.

ನಿಮ್ಮ ಹಲ್ಲುಗಳು ನೂರು ವರ್ಷ ಗಟ್ಟಿಯಾಗಿರಲಿ.

ಹೇಳಿಯೇ ಹೋಗಿದ್ದ,
ನಿಮ್ಮ ಮೋಹನ