ಮೊಗರಜೆ

ಗದಗ
ಎರಡನೆಯ ಬೇಸಿಗೆಯ ಮೂರನೆಯ ವಾರ, 2219

ನನ್ನ ಹಿರಿಯರೇ,

ನಮ್ಮ ಮಾತು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಬೇಕು. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ, ಹೀಗಾಗಿ ಸಿಡುಕೂ ಎರಡು ಪಟ್ಟು. ಈ ಪತ್ರವನ್ನು ಹಿಂದಂಚೆಗೆ ಹಾಕುತ್ತಿದ್ದೇನೆ. ಅದು ಕಳೆದ ಕಾಲಕ್ಕೆ ಹೋಗುವ ಟಪಾಲು. ತಲುಪಿತೋ ಇಲ್ಲವೋ ಎಂದು ಯಾರೂ ಬಂದು ಹೇಳಿದ್ದಿಲ್ಲ. ನನ್ನ ಹೆಸರು ನೀಲಗಂಗವ್ವ. ವಯಸ್ಸಾಗಿದೆ, ಸುಸ್ತಾಗಿದೆ, ಸುತ್ತಿ ಬಳಸಿ ಹೇಳಲು ತ್ರಾಣವಿಲ್ಲ. ನನ್ನ ಮೊಮ್ಮಗಳು ನಾಗಲಾ ಕೋಣೆಯಿಂದ ಹೊರಗೆ ಬರುತ್ತಿಲ್ಲ.

ಮೊಗರಜೆ ಎಂಬುದು ನಿಮ್ಮಲ್ಲಿ ಇನ್ನೂ ಹುಟ್ಟಿರಲಿಕ್ಕಿಲ್ಲ. ನಮ್ಮಲ್ಲಿ ಹುಡುಗನಿಗಾಗಲಿ ಹುಡುಗಿಗಾಗಲಿ ಮೊದಲ ಮೊಡವೆ ಎದ್ದ ದಿನವೇ ಒಳಕೋಣೆಗೆ ಕಳಿಸುತ್ತಾರೆ. ಮುಖ ತಿಳಿಯಾಗುವವರೆಗೆ ಅಲ್ಲೇ ವಾಸ. ಕನ್ನಡಿ ತೆಗೆಯುತ್ತಾರೆ. ಪಾಠ ಬರೀ ದನಿಯಲ್ಲಿ ಬರುತ್ತದೆ, ಅದಕ್ಕೆ ದನಿಶಾಲೆ ಎನ್ನುತ್ತೇವೆ. ರೊಟ್ಟಿ ಪಲ್ಯ ಕಿಂಡಿಯಲ್ಲಿ ಹೋಗುತ್ತದೆ. ಮಗು ತನ್ನ ಮುಖವನ್ನು ಇನ್ನೊಬ್ಬರದಕ್ಕೆ ಹೋಲಿಸಿಕೊಂಡು ಕೊರಗಬಾರದೆಂದು ಮನೆಯವರೂ ಮುಖ ತೋರಿಸುವಂತಿಲ್ಲ. ಮುಲಾಮು ಹಚ್ಚಲು ಬರುವ ದಾದಿಯೂ ಮುಸುಕು ಹಾಕಿಕೊಂಡೇ ಒಳಗೆ ಹೋಗುತ್ತಾಳೆ. ಚಿಲಕ ಮಾತ್ರ ಒಳಗಿನಿಂದ, ಅದೊಂದು ಮರ್ಯಾದೆ. ರಜೆ ಮುಗಿದಾಗ ಹೋಳಿಗೆ ಮಾಡಿ ಓಣಿಯವರನ್ನೆಲ್ಲ ಕರೆಯುತ್ತಾರೆ. ಬಂದವರು ಹೋಳಿಗೆಗಿಂತ ಮೊದಲು ಕೆನ್ನೆ ನೋಡುತ್ತಾರೆ.

ಇದು ದುಷ್ಟರು ಮಾಡಿದ ಕಾನೂನಲ್ಲ. ನಿಮ್ಮ ಕಾಲದ ಶಾಲೆಗಳಲ್ಲಿ ಮೊಡವೆಯ ಮಕ್ಕಳನ್ನು ಆಡಿಕೊಳ್ಳುತ್ತಿದ್ದರಂತೆ. ಆ ಮಕ್ಕಳು ಫೋಟೊಗೆ ನಿಲ್ಲುವುದನ್ನು ಬಿಟ್ಟರು, ಊಟ ಬಿಟ್ಟರು, ಕೆಲವರು ಬದುಕೇ ಬೇಡವೆಂದರು. ಕರುಣೆಯುಳ್ಳ ಯಾರೋ ಹೆಡ್‌ಮೇಡಂ, ಅಳುತ್ತಿದ್ದ ಹುಡುಗಿಗೆ ಎರಡು ದಿನ ಮನೆಯಲ್ಲೇ ಇರವ್ವ ಎಂದರಂತೆ. ಎರಡು ದಿನ ವಾರವಾಯಿತು, ವಾರ ಪದ್ಧತಿಯಾಯಿತು. ಆಡಿಕೊಳ್ಳುವವರ ಬಾಯಿ ಮುಚ್ಚಿಸುವುದಕ್ಕಿಂತ ಅಳುವವರ ಬಾಗಿಲು ಮುಚ್ಚುವುದು ಸುಲಭವಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ನಿಮ್ಮಲ್ಲೂ ಇದ್ದೀತು.

ನಾಗಲಾ ಒಳಗೆ ಹೋದಾಗ ಅವಳಿಗೆ ಹದಿನಾಲ್ಕು. ಓಣಿಗೆಲ್ಲ ಕೇಳುವಂಥ ಬಾಯಿ. ದನಿಶಾಲೆಯಲ್ಲಿ ಮೊದಮೊದಲು ಹಾಡುತ್ತಿದ್ದಳು, ಆಮೇಲೆ ಬರೀ ಹೂಂ. ಮುಖ ತಿಳಿಯಾಗಿ ಒಂದು ಮಳೆಗಾಲವೇ ಕಳೆಯಿತು; ಕಲೆಯೂ ಉಳಿದಿಲ್ಲವೆಂದು ದಾದಿ ಹೇಳಿದರೆ ಅವಳು ನಂಬುವುದಿಲ್ಲ. ಅವಳಪ್ಪ ಹೋಳಿಗೆಗೆಂದು ತಂದಿಟ್ಟ ಕಡಲೆಬೇಳೆಗೆ ಹುಳ ಬಿದ್ದಿದೆ. ಕರೆದಾಗಲೆಲ್ಲ "ಇನ್ನೊಂದ್ ವಾರ ಇರ್ಲಿ ಆಯಿ" ಎನ್ನುತ್ತಾಳೆ. ಅಂಥಾದ್ದೇನಾಗೇದ ನಿನ್ನ ಮುಖಕ್ಕ ಎಂದು ಒಮ್ಮೆ ರೇಗಿದೆ. "ಇಷ್ಟು ಜ್ವಾಕಿ ಮಾಡಿ ಮುಚ್ಚಿಡ್ತೀರಂದ್ರ ಅದು ಭಾಳ ಕೆಟ್ಟದ್ದ ಇರಬೇಕಲ್ಲ" ಎಂದಳು. ಸಂಕಟವಾಯಿತು, ಸಿಟ್ಟೂ ಬಂತು, ಆದರೆ ಅವಳ ಮೇಲಲ್ಲ.

ಇವತ್ತು ಬೆಳಿಗ್ಗೆ ರೊಟ್ಟಿ ಕೊಡುವಾಗ "ಆಯಿ, ನಿನ್ನ ಮುಖ ಮರ್ತೀನಿ, ಹೆಂಗೈತಿ?" ಎಂದು ಕೇಳಿದಳು. ಕಾನೂನು ಹಾಳಾಗಿ ಹೋಗಲಿ ಎಂದು ಕಿಂಡಿಗೆ ಕೆನ್ನೆಯೊತ್ತಿ ಕೂತೆ. ಅವಳ ಬೆರಳು ನನ್ನ ಸುಕ್ಕುಗಳ ಮೇಲೆ, ಗದ್ದದ ನರಹುಲಿಯ ಮೇಲೆ ಮೆಲ್ಲಗೆ ಓಡಾಡಿತು. ಇನ್ನೇನು ಚಿಲಕ ತೆಗೆಯುತ್ತಾಳೆ ಎಂದುಕೊಂಡೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡು, ತುಂಬ ಕನಿಕರದಿಂದ, "ಪಾಪ, ನಿನಗ ಯಾರೂ ರಜಾ ಕೊಡ್ಲಿಲ್ಲೇನ ಆಯಿ?" ಎಂದಳು.

ನಿಮ್ಮ ಮನೆಯ ಹುಡುಗಿ ಇನ್ನೂ ಅಂಗೈಯಿಂದ ಗಲ್ಲ ಮುಚ್ಚಿಕೊಂಡು ಶಾಲೆಗೆ ಹೋಗುತ್ತಿರಬೇಕು. ನೋವಿದ್ದರೆ ಡಾಕ್ಟರಿಗೆ ತೋರಿಸಿ. ಇಷ್ಟಕ್ಕೆಲ್ಲ ಅಳುವುದೇ ಎಂದು ಬೈಯಬೇಡಿ. ಅವಳ ಜೊತೆ ಗೇಟಿನವರೆಗೆ ನಡೆಯಿರಿ. ನಗುವವರು ಅಲ್ಲಿ ನಿಂತಿರುತ್ತಾರೆ. ರಜೆ ಕೊಡಲೇಬೇಕೆಂದಿದ್ದರೆ ಅವರಿಗೆ ಕೊಡಿ.

ನಿಮ್ಮ ಮುಂದಿನವಳು,
ನೀಲಗಂಗವ್ವ